ರಾಜನ ಪಾದ, ಸಿತ್ರಾದ ಬಸ್ಸು

ಸಿತ್ರಾ, ಬಹರೈನ್
6 ಜೂನ್ 2025, ಶುಕ್ರವಾರ

ಮಗಳೇ ವಿನಿತಾ,

ನಿಮ್ಮ ನೆರೆಮನೆಯ ಹಲೀಮಮ್ಮನ ಮಗಳು ನಶ್ವಾ ರಜೆ ಮುಗಿಸಿ ಬಂದಳು. ನೀನು ಕೊಟ್ಟ ಕಟ್ಟನ್ನು ಆಸ್ಪತ್ರೆಯ ಡ್ಯೂಟಿ ಮುಗಿದ ಮೇಲೆ ತಾನೇ ಕ್ಯಾಂಪಿನ ಗೇಟಿಗೆ ತಂದುಕೊಟ್ಟಳು. ಹಲಸಿನ ಹಪ್ಪಳ ಒಂದೂ ಮುರಿದಿಲ್ಲ. ಒಣಸಿಗಡಿಯ ವಾಸನೆಗೆ ರೂಮಿನ ಆರು ಜನರಲ್ಲಿ ಬಿಹಾರದ ಇಬ್ಬರು ಹಾಸಿಗೆ ಎತ್ತಿಕೊಂಡು ಹೊರಗೆ ಹೋದರು. ಉಳಿದ ನಾವು ಊರಿನವರು ಸುಖವಾಗಿದ್ದೇವೆ.

ಈಗ ಮುಖ್ಯ ವಿಷಯ. ಸಿಗಡಿ ಕಟ್ಟಿದ್ದು ನಿನ್ನ ವಿದ್ಯಾರ್ಥಿಯೊಬ್ಬನ ಉತ್ತರಪತ್ರಿಕೆಯಲ್ಲಿ. ನಾನು ಅದನ್ನು ಬಿಸಾಡುವ ಮೊದಲು ಓದಿದೆ. "ರೋಲೋ ಎಂಬವನು ಉತ್ತರ ದೇಶದ ಕಡಲುಗಳ್ಳ. ಫ್ರಾನ್ಸಿನ ಚಾರ್ಲ್ಸ್ ರಾಜನು ಇವನಿಗೆ ಭೂಮಿ ಕೊಟ್ಟನು. ರಾಜನ ಪಾದಕ್ಕೆ ಮುತ್ತಿಡಬೇಕೆಂದು ಹೇಳಿದಾಗ ರೋಲೋನು" ಎಂಬಲ್ಲಿಗೆ ಕಾಗದ ಹರಿದಿದೆ. ಹತ್ತಕ್ಕೆ ಮೂರು ಮಾರ್ಕು ಕೊಟ್ಟಿದ್ದೀ, ಅದು ನಿನ್ನ ಇಷ್ಟ. ಆದರೆ ರೋಲೋನು ಎಂತ ಮಾಡಿದ? ಮೂರು ದಿನದಿಂದ ಪೈಪು ಜೋಡಿಸುವಾಗಲೂ ಅದೇ ಯೋಚನೆ.

ಆಗಸ್ಟ್ ಹದಿನೈದು ಈ ಸಲ ಶುಕ್ರವಾರ ಬಂದಿದೆ. ಮನಾಮಾದ ಹಾಲ್‌ನಲ್ಲಿ ನಮ್ಮ ತಾಳಮದ್ದಲೆ ಕೂಟ ಇಟ್ಟಿದ್ದಾರೆ. ಇಪ್ಪತ್ತಾರು ವರ್ಷದಿಂದ ಅದೇ ಪುರಾಣ, ಅದೇ ವೀರರು. ವೇಷ ಇಲ್ಲ, ಬಣ್ಣ ಇಲ್ಲ, ಭಾಗವತರ ಪದ್ಯಕ್ಕೆ ಸಾಲಾಗಿ ಕೂತು ಅರ್ಥ ಹೇಳುತ್ತಾ ಬಾಯಲ್ಲೇ ಯುದ್ಧ ಮಾಡುವುದು. ಆ ವೀರರ ಬಾಯಲ್ಲಿ ಹೇಳುವಂಥದ್ದು ನನ್ನಲ್ಲಿ ಇನ್ನು ಏನೂ ಉಳಿದಿಲ್ಲ. ಈ ರೋಲೋನದ್ದು ಪ್ರಸಂಗ ಮಾಡಿದರೆ ಹೇಗೆ ಎಂದು ಕಂಪೆನಿಯ ಪರ್ಸನೆಲ್ ಆಫೀಸರ್ ಲಾನ್ಸೆಲೊಟ್, ನಮ್ಮ ಲಾನ್ಸಿ ಸರ್, ಅವರನ್ನು ಕೇಳಿದೆ. ಅವರು ಮೂಲ್ಕಿಯವರು, ಇಗರ್ಜಿಗೂ ಹೋಗುತ್ತಾರೆ, ಕೂಟಕ್ಕೂ ಬರುತ್ತಾರೆ. "ರಾಜನ ಅರ್ಥ ನಾನು ಹೇಳ್ತೇನೆ ಲೋಕಯ್ಯಣ್ಣ" ಎಂದು ಆಗಲೇ ಕುರ್ಚಿ ಹಿಡಿದಿದ್ದಾರೆ.

ನಿನ್ನ ತಮ್ಮ ಭವಿತ್ ಚೆನ್ನಾಗಿದ್ದಾನೆ. ವೆಲ್ಡಿಂಗಿನಲ್ಲಿ ಕೈ ಕೂತಿದೆ. ನಮ್ಮ ಬಸ್ಸಿನ ಏಸಿ ಹಾಳಾಗಿ ತಿಂಗಳಾಯಿತು, ಅದೊಂದೇ ಕಷ್ಟ.

ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಇಲ್ಲಿ ಫೋನ್ ಹಿಡಿದರೆ ರೂಮಿನ ಆರೂ ಜನ ಮಾತಿಗೆ ಸೇರುತ್ತಾರೆ. ಮತ್ತೆ ನಿನ್ನ ಅಮ್ಮ ರಾಜೀವಿ ಅಕ್ಕನಿಗೆ ಕಣ್ಣು ಮಂಜಾದ ಮೇಲೆ ನೀನು ನನ್ನ ಕಾಗದ ಓದಿ ಹೇಳುವುದೇ ಇಷ್ಟ ಎಂದು ಗೊತ್ತು. ಬೇಗ ಬರೆ.

ನಿನ್ನ ಮಾವ,
ಲೋಕಯ್ಯ

ಕಿನ್ನಿಗೋಳಿ
22 ಜೂನ್ 2025

ಮಾವನಿಗೆ ವಿನಿತಾ ಮಾಡುವ ನಮಸ್ಕಾರ.

ಸಿಗಡಿಯ ಕಾಗದವನ್ನೂ ಬಿಡದೆ ಓದುವವರು ಇಡೀ ಬಹರೈನಿನಲ್ಲಿ ನೀವೊಬ್ಬರೇ ಇರಬೇಕು. ಅಮ್ಮ ನಕ್ಕು ನಕ್ಕು ಕೆಮ್ಮಿದರು. ಆ ಹುಡುಗನಿಗೆ ಮೂರು ಮಾರ್ಕೂ ಹೆಚ್ಚಾಯಿತು, ಏಕೆಂದರೆ ಹರಿದ ಭಾಗದಲ್ಲಿ ಅವನು ರೋಲೋನನ್ನು ಯುದ್ಧದಲ್ಲಿ ಸಾಯಿಸಿದ್ದ.

ಸಾವಿರದ ನೂರು ವರ್ಷದ ಹಿಂದಿನ ಮಾತು. ವೈಕಿಂಗರು ಉತ್ತರದ ಚಳಿಯ ನಾಡುಗಳಿಂದ ಉದ್ದನೆಯ ಹಡಗುಗಳಲ್ಲಿ ಬರುತ್ತಿದ್ದರು. ಆ ಹಡಗಿಗೆ ಆಳದ ನೀರು ಬೇಡ, ಹೊಳೆಯೊಳಗೂ ನುಗ್ಗುತ್ತಿತ್ತು. ಸೀನ್ ನದಿಯಲ್ಲಿ ಮೇಲಕ್ಕೆ ಬಂದು ಮಠ, ಊರು ಎಲ್ಲ ದೋಚಿ ಸುಡುವರು. ರಾಜರು ಬೆಳ್ಳಿ ಕೊಟ್ಟು "ಹೋಗಿ ಮಾರಾಯರೇ" ಎಂದು ಕಳಿಸಿದರೆ ಸ್ವಲ್ಪ ಕಾಲ ಬಿಟ್ಟು ಮತ್ತೆ ಬರುವರು. ಕೊನೆಗೆ 911ರಲ್ಲಿ ಚಾರ್ಲ್ಸ್ ರಾಜ ಅವರ ಮುಖಂಡ ರೋಲೋನನ್ನು ಕರೆದು ನದಿಯ ಬಾಯಿಯ ಸೀಮೆಯನ್ನೇ ಅವನಿಗೆ ಬಿಟ್ಟುಕೊಟ್ಟ. ರೋಲೋ ಕ್ರೈಸ್ತನಾಗಬೇಕು, ರಾಜನ ಆಳಾಗಬೇಕು, ಬೇರೆ ವೈಕಿಂಗರು ಒಳಗೆ ಬಾರದ ಹಾಗೆ ಕಾಯಬೇಕು. ಕಳ್ಳನ ಕೈಗೆ ಕೀಲಿಕೈ ಕೊಟ್ಟರು ಎಂದು ನೀವು ಹೇಳುವಿರಿ. ನಿಜವೇ, ಆದರೆ ಆ ಕಳ್ಳ ಕಾದ. ಉತ್ತರದವರ ನಾಡು ಎಂದೇ ಅದಕ್ಕೆ ನಾರ್ಮಂಡಿ ಎಂಬ ಹೆಸರು ಬಂತು, ಅಲ್ಲಿಯವರು ನಾರ್ಮನ್ನರಾದರು. ನೂರೈವತ್ತು ವರ್ಷದ ಮೇಲೆ ಇವರ ವಂಶದವನೇ ಇಂಗ್ಲೆಂಡ್ ಗೆದ್ದ.

ಇನ್ನು ಪಾದದ ವಿಷಯ. ಭೂಮಿ ಪಡೆದವನು ರಾಜನ ಪಾದಕ್ಕೆ ಮುತ್ತಿಡಬೇಕು ಎಂದು ಬಿಷಪ್ಪರು ಹೇಳಿದರು. "ನಾನು ಯಾರ ಮುಂದೆಯೂ ಮೊಣಕಾಲು ಊರುವವನಲ್ಲ" ಎಂದ ರೋಲೋ. ತನ್ನ ಒಬ್ಬ ಆಳಿಗೆ ಸನ್ನೆ ಮಾಡಿದ. ಆಳೂ ಬಗ್ಗಲಿಲ್ಲ. ನಿಂತಲ್ಲಿಂದಲೇ ರಾಜನ ಕಾಲನ್ನು ಎತ್ತಿ ಬಾಯಿಗೆ ತಂದ, ರಾಜ ಅಂಗಾತ ಬಿದ್ದ, ಜನ ನಕ್ಕರು. ಇದು ನಡೆದದ್ದೇ ಹೌದೋ ಅಲ್ಲವೋ ಖಚಿತವಿಲ್ಲ. ನೂರು ವರ್ಷದ ಮೇಲೆ ಬರೆದ ಪುಸ್ತಕದಲ್ಲಿ ಹೀಗಿದೆ.

ನನ್ನ ಕ್ಲಾಸಿನಲ್ಲೂ ಈ ಕಥೆ ಹೇಳಿದಾಗಲೆಲ್ಲ ನಗು. ಆ ಆಳಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಆಮೇಲೆ ಅವನಿಗೆ ಏನಾಯಿತು ಎಂದು ಇದುವರೆಗೆ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ಈ ವರ್ಷದವರು ಕೇಳುತ್ತಾರೋ ನೋಡಬೇಕು. ಕಾಲೇಜು ಶುರುವಾಗಿದೆ, ಕೆಲಸ ಬೇಕಾದಷ್ಟು ಉಂಟು.

ಭವಿತನಿಗೆ ನೀರು ಕುಡಿಯಲು ಹೇಳಿ. ಅಮ್ಮನ ಆಶೀರ್ವಾದ.

ನಿಮ್ಮ
ವಿನಿತಾ

ಸಿತ್ರಾ
25 ಜುಲೈ 2025, ಶುಕ್ರವಾರ

ಮಗಳೇ,

ಪ್ರಸಂಗಕ್ಕೆ ಹನ್ನೊಂದು ಪದ್ಯ ಆಗಿದೆ. ಭಾಗವತರು ಮನಾಮಾದ ಹೋಟೆಲಿನಲ್ಲಿ ಅಡುಗೆಯವರು, ದೋಸೆ ಹೊಯ್ಯುತ್ತಲೇ ರಾಗ ಹಾಕಿದರು. ಸೀನ್ ನದಿಗೆ ನಮ್ಮೂರಿನ ನಂದಿನಿ ಹೊಳೆಯ ವರ್ಣನೆ ಇಟ್ಟಿದ್ದೇನೆ, ನಿನ್ನ ಇತಿಹಾಸದವರು ಕ್ಷಮಿಸಬೇಕು.

ಆದರೆ ಇಲ್ಲಿ ಬೇರೆಯೇ ಪ್ರಸಂಗ ನಡೆದಿದೆ. ಅಕ್ಕನಿಗೆ ಈ ಭಾಗ ಮೆಲ್ಲಗೆ ಓದು.

ಎರಡು ತಿಂಗಳಾದರೂ ಬಸ್ಸಿನ ಏಸಿ ಸರಿಯಾಗಲಿಲ್ಲ. ಕ್ಯಾಂಪಿನಿಂದ ಯಾರ್ಡಿಗೆ ಹೋಗಿಬರುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು. ಸೋಮವಾರ ಸಂಜೆ ಒಬ್ಬ ಬಸ್ಸಿನಲ್ಲೇ ಕುಸಿದು ಬಿದ್ದ. ಮಂಗಳವಾರ ಬೆಳಿಗ್ಗೆ ಬಸ್ಸು ಬಂದಾಗ ನಾನು "ಯಾರೂ ಹತ್ತಬೇಡಿ" ಎಂದೆ. ಅಷ್ಟೇ ಹೇಳಿದ್ದು. ನಲವತ್ತು ಜನ ಗೋಡೆಯ ನೆರಳಿನಲ್ಲಿ ಕೂತರು, ಮಲಯಾಳಿ, ನೇಪಾಳಿ, ಬಂಗಾಳಿ ಎಲ್ಲರೂ. ಒಂದೂವರೆ ಗಂಟೆ ಯಾರೂ ಏಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಂಥದ್ದನ್ನು ನಾನು ನೋಡಿರಲಿಲ್ಲ, ನನ್ನ ಮಾತಿಗೆ ಇಷ್ಟು ಜನ ಕೂರುತ್ತಾರೆ ಎಂದು ತಿಳಿದೂ ಇರಲಿಲ್ಲ.

ಲಾನ್ಸಿ ಸರ್ ಓಡಿ ಬಂದು ಮುದೀರನ, ಅಂದರೆ ನಮ್ಮ ದೊಡ್ಡ ಮ್ಯಾನೇಜರನ, ಜೊತೆ ಮಾತಾಡಿ ರಾಜಿ ಮಾಡಿಸಿದರು. ಹೊಸ ಬಸ್ಸು ಬರುತ್ತದೆ, ಯಾರ ಮೇಲೂ ಕ್ರಮ ಇಲ್ಲ. ಆದರೆ ಇದನ್ನು ಶುರು ಮಾಡಿದವನು "ತಪ್ಪಾಯಿತು" ಎಂದು ಒಂದು ಕಾಗದಕ್ಕೆ ಸಹಿ ಹಾಕಿ ಮುದೀರನ ಮುಂದೆ ಕೊಡಬೇಕು. ಬರಿಯ ಶಾಸ್ತ್ರಕ್ಕೆ, ಎಂದರು ಲಾನ್ಸಿ ಸರ್.

ನಾನು ಕೊಡುವುದಿಲ್ಲ. ಬಿಸಿಲಿನಲ್ಲಿ ಒಬ್ಬ ಬಿದ್ದದ್ದಕ್ಕೆ ನಾನು ತಪ್ಪಾಯಿತು ಅನ್ನಬೇಕಾ? ಕಾಗದ ಅವರ ಮೇಜಿನ ಮೇಲೆ ಹಾಗೆಯೇ ಉಂಟು, ಬಸ್ಸೂ ಬಂದಿಲ್ಲ.

ಇವತ್ತು ಜಿಂಜ್‌ನಲ್ಲಿ ಲಾನ್ಸಿ ಸರ್ ಮನೆಯಲ್ಲಿ ಅಭ್ಯಾಸ ಇತ್ತು. ಅವರ ಹೆಂಡತಿ ಬ್ರಿಜಿಟ್ ಬಾಯಿ ತಿನ್ನಲು ಸನ್ನಾ ಮಾಡಿದ್ದರು. ಹೊರಡುವಾಗ ಲಾನ್ಸಿ ಸರ್ ಲಿಫ್ಟಿನ ಹತ್ತಿರ ಇನ್ನೊಂದು ಮಾತು ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ.

ನಿನ್ನ ಮಾವ

ಕಿನ್ನಿಗೋಳಿ
5 ಆಗಸ್ಟ್ 2025

ಮಾವಾ,

ನಿಮ್ಮ ಕಾಗದ ಓದಿ ಅಮ್ಮ ಊಟ ಬಿಟ್ಟಿದ್ದಾರೆ. ಮೆಲ್ಲಗೆ ಓದಿದರೂ ಅವರಿಗೆ ಎಲ್ಲ ಕೇಳುತ್ತದೆ.

ದಯವಿಟ್ಟು ಸಹಿ ಹಾಕಿಬಿಡಿ. ನೀವು ಗೆದ್ದಾಗಿದೆ, ಬಸ್ಸು ಬರುತ್ತದೆ, ಇನ್ನು ಆ ಕಾಗದದಲ್ಲಿ ಏನಿದ್ದರೆ ಏನು? ಆಳಾಗಬಲ್ಲವನು ಅರಸನಾಗಬಲ್ಲ ಎಂದು ನನಗೆ ಕಲಿಸಿದವರು ನೀವೇ. ರೋಲೋನ ಹಟ ಕೂಟಕ್ಕೆ ಚೆಂದ. ನಿಮಗೆ ಐವತ್ತೈದು ಆಗುತ್ತಾ ಬಂತು, ಈ ವಯಸ್ಸಿನಲ್ಲಿ ಬೇರೆ ವೀಸಾ ಯಾರು ಕೊಡುತ್ತಾರೆ?

ನಾಳೆ ಹೊರಡುವ ಒಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವರು ಗೇಟಿನಲ್ಲಿ ಕಾಯುತ್ತಿದ್ದಾರೆ, ಹೆಚ್ಚು ಬರೆಯಲು ಸಮಯವಿಲ್ಲ.

ವಿನಿತಾ

ಸಿತ್ರಾ
22 ಆಗಸ್ಟ್ 2025, ಶುಕ್ರವಾರ

ಮಗಳೇ ವಿನಿತಾ,

ಕೂಟ ಆಯಿತು. ಹಾಲ್ ತುಂಬಿ ಜನ ಹೊರಗೆ ನಿಂತಿದ್ದರು. ರೋಲೋ ಯಾರು ಎಂದು ಕೇಳಿದವರೆಲ್ಲ ಕೊನೆಗೆ ಅವನ ಹೆಸರು ಹಿಡಿದು ಚಪ್ಪಾಳೆ ಹೊಡೆದರು.

ರಾಜನಾಗಿ ಲಾನ್ಸಿ ಸರ್ ಚೆನ್ನಾಗಿ ಅರ್ಥ ಹೇಳಿದರು. "ಕಡಲೂ ನಿನಗೆ ಮನೆಯಲ್ಲ, ದಡವೂ ಮನೆಯಲ್ಲ. ಎಷ್ಟು ವರ್ಷ ಹುಟ್ಟು ಹಾಕುತ್ತೀ ರೋಲೋ? ಕೂತುಕೋ. ಕಾಯುವವನಾಗು" ಎಂದರು. ಮಗಳೇ, ನಾನು ಮಂಡಿ ಉಜ್ಜಿಕೊಂಡೆ. ಆಮೇಲೆ ಹೇಗೋ ಉತ್ತರ ಹೇಳಿದೆ.

ರೋಲೋನ ಆಳಾಗಿ ಭವಿತನನ್ನು ಕೂರಿಸಿದ್ದೆವು. ಅವನಿಗೆ ಎರಡೇ ಮಾತು ಕೊಟ್ಟದ್ದು. ನಾನು ಸನ್ನೆ ಮಾಡಿದಾಗ "ಅಪ್ಪಣೆ ಒಡೆಯಾ" ಎನ್ನುವುದರ ಬದಲು ಅವನು ಕೈಮುಗಿದು, "ಒಡೆಯಾ, ರಾಜ್ಯ ನಿಮಗೆ, ರಾಜನ ಕಾಲು ನನಗೆ. ನಾಳೆ ಈ ಅರಸರಿಗೆ ಸಿಟ್ಟು ಬಂದರೆ ನನ್ನ ಗತಿಯೇನು?" ಎಂದ. ಸಭೆ ಹೋ ಎಂದು ನಕ್ಕಿತು. ಮೊದಲನೇ ಸಲ ಅರ್ಥಕ್ಕೆ ಕೂತವನು ಇಂಥ ಮಾತು ತೆಗೆದ ಎಂದು ಭಾಗವತರು ಚೆಂಡೆಯವನ ಕಡೆ ನೋಡಿ ತಲೆದೂಗಿದರು. ನಾನೂ ಬಿಡಲಿಲ್ಲ. "ನನ್ನ ಕೈ ನಿನ್ನ ತಲೆಯ ಮೇಲಿರುವವರೆಗೆ ನಿನ್ನ ಒಂದು ಕೂದಲೂ ಕೊಂಕದು. ಇದು ರೋಲೋನ ಮಾತು" ಎಂದೆ. ಚಪ್ಪಾಳೆಗೆ ಮೈಕು ಕೂಗಿತು. ಲಾನ್ಸಿ ಸರ್ ಕುರ್ಚಿ ಸಮೇತ ಹಿಂದಕ್ಕೆ ವಾಲಿದ್ದನ್ನು ಮಕ್ಕಳು ಇನ್ನೂ ಆಡಿ ತೋರಿಸುತ್ತಿದ್ದಾರಂತೆ.

ನೀನು ಹೇಳಿದ ಹಾಗೆಯೇ ಆಯಿತು. ಕ್ಷಮಾಪಣೆ ಪತ್ರ ಮರುದಿನ ಶನಿವಾರ ಮುದೀರನ ಮೇಜು ಸೇರಿತು. ಬುಧವಾರ ಹೊಸ ಬಸ್ಸು ಬಂತು, ಏಸಿ ಎಷ್ಟು ತಣ್ಣಗೆ ಎಂದರೆ ನೇಪಾಳದವರೇ ಮಫ್ಲರ್ ಸುತ್ತಿಕೊಂಡಿದ್ದಾರೆ. ಅಕ್ಕನಿಗೆ ಹೇಳು, ಇನ್ನು ಭಯವಿಲ್ಲ.

ಇನ್ನೊಂದು ಸುದ್ದಿ. ಒಂದನೇ ತಾರೀಕಿನಿಂದ ನಾನು ಸೂಪರ್‌ವೈಸರ್. ಯಾರ್ಡಿನಲ್ಲಿ ಸಣ್ಣ ಕ್ಯಾಬಿನ್ ಕೊಡುತ್ತಾರೆ. ಹುಡುಗರ ಹಾಜರಿ, ತಕರಾರು, ಯಾರು ಯಾರ ಹತ್ತಿರ ಏನು ಮಾತಾಡಿದರು, ಎಲ್ಲ ನನ್ನ ಮೂಲಕ ಹೋಗಬೇಕಂತೆ. ಲಿಫ್ಟಿನ ಹತ್ತಿರ ಲಾನ್ಸಿ ಸರ್ ಹೇಳಿದ ಮಾತು ಇದೇ. ಮಂಡಿನೋವು ಹೆಚ್ಚಾಗಿದೆ, ಹಾಗಾಗಿ ಒಪ್ಪಿಕೊಂಡೆ.

ನಿನ್ನ ಮಾವ

ಕಿನ್ನಿಗೋಳಿ
3 ಸೆಪ್ಟೆಂಬರ್ 2025

ಪ್ರೀತಿಯ ಮಾವಾ,

ಈ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ಅಮ್ಮ ಹೆಸರುಬೇಳೆ ಪಾಯಸ ಮಾಡಿ ಹಲೀಮಮ್ಮನಿಗೂ ಕೊಟ್ಟರು. "ನನ್ನ ತಮ್ಮ ಸೂಪರ್‌ವೈಸರ್" ಎಂದು ಹಾಲಿನ ಡೈರಿಯಲ್ಲೂ ಹೇಳಿ ಬಂದಿದ್ದಾರೆ.

ನನಗೆ ಸೂಪರ್‌ವೈಸರ್‌ಗಿಂತ ದೊಡ್ಡ ಸುದ್ದಿ ನೀವು ಆ ಕಾಗದಕ್ಕೆ ಸಹಿ ಹಾಕಿದ್ದು. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಅಷ್ಟು ಜನರಿಗೆ ತಣ್ಣಗಿನ ಬಸ್ಸು ಬರಲಿ ಎಂದು ನೀವು ಬಗ್ಗಿದಿರಿ. ರೋಲೋನಿಂದ ಆಗದ್ದು ನಿಮ್ಮಿಂದ ಆಯಿತು. ಇದನ್ನು ಅಮ್ಮನ ಎದುರು ಎರಡೆರಡು ಸಲ ಹೇಳಿದೆ.

ಇತ್ತೀಚೆಗೆ ಭವಿತ್ ಫೋನಿನಲ್ಲಿ ಕಡಿಮೆ ಮಾತಾಡುತ್ತಾನೆ. ಕೇಳಿದರೆ "ಸುಸ್ತು ಅಕ್ಕ" ಅನ್ನುತ್ತಾನೆ. ಸುಸ್ತು ನಮಗೆಲ್ಲರಿಗೂ ಇದೆ.

ನಿಮ್ಮ
ವಿನಿತಾ

ಸಿತ್ರಾ
10 ಅಕ್ಟೋಬರ್ 2025, ಶುಕ್ರವಾರ

ವಿನಿತಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಒಂದು ತಿಂಗಳು ತಡವಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಅಕ್ಕನಿಗೆ ಓದಬೇಡ.

ಆ ಕಾಗದಕ್ಕೆ ಸಹಿ ಹಾಕಿದ್ದು ನಾನಲ್ಲ. ಭವಿತ್.

ಕೂಟದ ಮರುದಿನ ಬೆಳಿಗ್ಗೆ ಅವನೇ ಲಾನ್ಸಿ ಸರ್ ಆಫೀಸಿಗೆ ಹೋಗಿ, "ಬಸ್ಸು ನಿಲ್ಲಿಸಲು ಹೇಳಿದ್ದು ನಾನು, ತಪ್ಪಾಯಿತು" ಎಂದು ಸಹಿ ಹಾಕಿ ಬಂದ. ನಾನು ಹೋಗು ಎಂದು ಹೇಳಿರಲಿಲ್ಲ. ಸಂಜೆ ಗೊತ್ತಾಗಿ ಯಾಕೆ ಮಾರಾಯ ಎಂದು ಕೇಳಿದರೆ, "ನೀವು ಸಹಿ ಹಾಕುದಿಲ್ಲ, ಬಸ್ ಬರುದಿಲ್ಲ. ಒಬ್ಬ ಹಾಕ್ಬೇಕಲ್ಲ ಮಾವ. ನನ್ನ ತಲೆ ಮೇಲೆ ನಿಮ್ಮ ಕೈ ಉಂಟಂತ ನಿನ್ನೆ ನೀವೇ ಸಭೆಯಲ್ಲಿ ಹೇಳಿದಿರಿ" ಎಂದ. ಕೂಟದಲ್ಲಿ ಆಡಿದ ಮಾತು ಕೂಟದಲ್ಲೇ ಮುಗಿಯಿತು, ಅರ್ಥ ಹೇಳುವವರಿಗೆಲ್ಲ ಇದು ಗೊತ್ತು. ಬೈದಾಡಿ ಎದ್ದವರು ಒಂದೇ ಲೋಟದಲ್ಲಿ ಚಹಾ ಕುಡಿಯುತ್ತೇವೆ. ಅವನು ಹೊಸಬ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಆಗಲೇ ಹೋಗಿ ಕಾಗದ ವಾಪಸು ತರಬಹುದಿತ್ತು. ತರಲಿಲ್ಲ. ಸೂಪರ್‌ವೈಸರ್ ಆಗುವವನ ಹೆಸರು ಅಂಥ ಕಾಗದದಲ್ಲಿ ಇರಬಾರದು ಎಂದು ಲಿಫ್ಟಿನ ಹತ್ತಿರವೇ ಲಾನ್ಸಿ ಸರ್ ಹೇಳಿದ್ದರು. ನಾನು ನಿನಗೆ "ಪತ್ರ ಮೇಜು ಸೇರಿತು" ಎಂದು ಬರೆದೆ. ಆ ವಾಕ್ಯವನ್ನು ಮೂರು ಸಲ ತಿದ್ದಿ ಬರೆದದ್ದು.

ಮೊನ್ನೆ ವೀಸಾ ನವೀಕರಣದ ಪಟ್ಟಿ ನನ್ನ ಕ್ಯಾಬಿನ್ನಿಗೇ ಬಂತು. ಭವಿತನ ಹೆಸರಿಲ್ಲ. ನವೆಂಬರ್ ಹದಿನೈದಕ್ಕೆ ಅವನದ್ದು ಮುಗಿಯುತ್ತದೆ. ಯಾರ ಮೇಲೂ ಕ್ರಮ ಇಲ್ಲ ಎಂದಿದ್ದಿರಲ್ಲ ಎಂದು ಲಾನ್ಸಿ ಸರ್ ಹತ್ತಿರ ಕೇಳಿದರೆ, "ಫೈಲಿನಲ್ಲಿ ತಪ್ಪೊಪ್ಪಿಗೆ ಉಂಟಲ್ಲ ಲೋಕಯ್ಯಣ್ಣ, ಮುದೀರ್ ಬಿಡುದಿಲ್ಲ" ಎಂದರು. ಲಾನ್ಸಿ ಸರ್ ಕೆಟ್ಟವರಲ್ಲ, ಹೇಳುವಾಗ ಅವರ ಮುಖವೂ ಸಣ್ಣದಾಗಿತ್ತು.

ಅವನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ ಹೇಳು.

ಲೋಕಯ್ಯ

ಕಿನ್ನಿಗೋಳಿ
15 ಅಕ್ಟೋಬರ್ 2025

ಮಾವಾ,

ನಶ್ವಾ ನಾಲ್ಕು ದಿನದ ರಜೆಗೆ ಬಂದು ನಿಮ್ಮ ಕಾಗದ ಕೊಟ್ಟಳು, ನಾಳೆ ಅವಳೇ ಇದನ್ನು ತರುತ್ತಾಳೆ.

ಏನು ಮಾಡಲಿ ಎಂದು ನನ್ನನ್ನು ಕೇಳುತ್ತೀರಾ? ನಮ್ಮದು ಅಳಿಯಕಟ್ಟಿನ ಮನೆ, ಅಮ್ಮನ ತಮ್ಮನೇ ಯಜಮಾನ. ಅಪ್ಪ ತೀರಿಕೊಂಡ ಮೇಲೆ ಅಂತೂ ಅಮ್ಮ ಯಾವುದಕ್ಕೂ "ಮಾವನನ್ನು ಕೇಳು" ಎಂದೇ ನಮ್ಮನ್ನು ಬೆಳೆಸಿದ್ದು. ಭವಿತನನ್ನು ವಿಮಾನ ಹತ್ತಿಸುವಾಗ ನಿಮ್ಮ ಕೈಗೆ ಅವನ ಕೈ ಇಟ್ಟದ್ದು ಅಮ್ಮನೇ. ಅವನು ಕೂಟದ ಮಾತನ್ನು ನಿಜ ಎಂದು ತಿಳಿದದ್ದು ಹೊಸಬನಾಗಿ ಅಲ್ಲ, ಹೇಳಿದ್ದು ನೀವು ಎಂಬ ಕಾರಣಕ್ಕೆ. ನಿಮಗೆ ಅದು ಅರ್ಥಗಾರಿಕೆ, ಅವನಿಗೆ ಅದು ಮಾವನ ಮಾತು.

ನನಗೆ ಸಿಟ್ಟು ಬಂದಿದೆ. ಹಿಂದೆ ಬೇಸರವಾದೀತೆಂದು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ರೋಲೋನ ಮರಿಮಗನ ಆಳ್ವಿಕೆಯಲ್ಲಿ ನಾರ್ಮಂಡಿಯ ರೈತರು ಒಟ್ಟು ಸೇರಿದರು. ಕಾಡು ಮತ್ತು ಹೊಳೆಯನ್ನು ಮೊದಲಿನ ಹಾಗೆ ಬಳಸಲು ಬಿಡಿ, ಇಷ್ಟೇ ಅವರು ಕೇಳಿದ್ದು. ಮಾತಾಡಲು ಪ್ರತಿ ಕಡೆಯಿಂದ ಇಬ್ಬರು ಪ್ರತಿನಿಧಿಗಳನ್ನು ಆರಿಸಿದರು. ದೊರೆಯ ಚಿಕ್ಕಪ್ಪ ಆ ಪ್ರತಿನಿಧಿಗಳನ್ನು ಹಿಡಿಸಿ, ಕೈಕಾಲು ಕಡಿಸಿ, ಅವರವರ ಊರಿಗೇ ವಾಪಸು ಕಳಿಸಿದ. ಉಳಿದವರು ಸುಮ್ಮನೆ ನೇಗಿಲಿಗೆ ಮರಳಿದರು. ಕಡಲಿನಿಂದ ಬಂದು ಯಾರಿಗೂ ತಲೆಬಾಗೆನು ಎಂದವನ ಮನೆಯವರು ನಾಲ್ಕನೇ ತಲೆಮಾರಿಗೆ ಮಾಡಿದ ಕೆಲಸ ಇದು. ನೀವು ನಾಲ್ಕು ತಲೆಮಾರು ಕಾಯಲಿಲ್ಲ.

ಬರೆದದ್ದನ್ನು ಹೊಡೆದುಹಾಕಬೇಕು ಅನಿಸಿತು. ಹಾಗೇ ಇರಲಿ.

ನಾನೂ ನಿಮಗೆ ಸುಳ್ಳು ಹೇಳಿದ್ದೇನೆ. ಈ ವರ್ಷ ಕಾಲೇಜಿನಲ್ಲಿ ನನಗೆ ಪಾಠ ಕೊಟ್ಟಿಲ್ಲ. ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಜೂನ್‌ನಿಂದ ಮನೆಯಲ್ಲೇ ಇದ್ದೇನೆ. ಕ್ಲಾಸು, ವಿದ್ಯಾರ್ಥಿಗಳು ಎಂದೆಲ್ಲ ಬರೆದದ್ದು ಹಳೆಯ ವರ್ಷಗಳ ನೆನಪಿನಿಂದ. ಈಗ ಮನೆ ನಡೆಯುವುದು ಭವಿತನ ಸಂಬಳದಿಂದ ಮಾತ್ರ.

ಹೋಗಿ ಸತ್ಯ ಹೇಳಿ ಮಾವಾ. ಬಸ್ಸು ನಿಲ್ಲಿಸಿದ್ದು ನಾನು, ಹುಡುಗನಲ್ಲ ಎಂದು ಬರೆದುಕೊಡಿ. ಹದಿನೈದಕ್ಕೆ ಮೊದಲು.

ವಿನಿತಾ

ಸಿತ್ರಾ
14 ನವೆಂಬರ್ 2025, ಶುಕ್ರವಾರ

ಮಗಳೇ ವಿನಿತಾ,

ಭವಿತ್ ನಾಳೆ ರಾತ್ರಿಯ ವಿಮಾನಕ್ಕೆ ಹೊರಡುತ್ತಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಟು ಹಚ್ಚಿದ್ದೇನೆ, ಹಚ್ಚದಿದ್ದರೂ ಅವನು ಒಡೆದು ನೋಡುವವನಲ್ಲ. ಅಕ್ಕನಿಗೆ ಒಂದು ಶಾಲು, ಮಂಡಿಗೆ ಹಚ್ಚುವ ಎಣ್ಣೆ, ಹಲೀಮಮ್ಮನಿಗೆ ಖರ್ಜೂರ ಇಟ್ಟಿದ್ದೇನೆ. ಭವಿತನಿಗೆ ಊರಿನಲ್ಲಿ ಕೆಲಸ ಸಿಗುತ್ತದೆ, ಅವನ ಕೈಯ ವೆಲ್ಡಿಂಗ್ ನೋಡಿದ ಯಾರೂ ಬೇಡ ಅನ್ನಲಾರರು. ಅಕ್ಕ ಚಿಂತೆ ಮಾಡುವುದು ಬೇಡ. ಈ ಹಾಳೆಯನ್ನು ಅಕ್ಕನಿಗೆ ಓದು. ಇನ್ನೊಂದು ನಿನಗೆ ಮಾತ್ರ.

ನೀನು ಹೇಳಿದ ಹಾಗೆ ಹೋದೆ. ಮನಾಮಾದ ಸೂಕ್ ಪೇಟೆಯಲ್ಲಿ ಟೈಪಿಂಗ್ ಅಂಗಡಿಯವನ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿದೆ. ಬಸ್ಸು ನಿಲ್ಲಿಸಿದ್ದು ನಾನು, ಭವಿತ್ ಅಲ್ಲ, ಅವನ ವೀಸಾ ಮುಂದುವರಿಸಿ, ಎಂದು. ನನ್ನ ಸಹಿ ಹಾಕಿದೆ. ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋದ ಶನಿವಾರ ಬೆಳಿಗ್ಗೆ ಲಾನ್ಸಿ ಸರ್ ಆಫೀಸಿಗೆ ಹೋದೆ.

ಅವರಿಗೆ ನೋಡಿದ ಕೂಡಲೇ ಅರ್ಥವಾಯಿತು. "ಅದನ್ನು ಹೊರಗೆ ತೆಗೀಬೇಡಿ ಲೋಕಯ್ಯಣ್ಣ. ತೆಗೆದ್ರೆ ನಾನು ಮೇಲೆ ಕಳಿಸ್ಲೇಬೇಕು. ಆಗ ಇಬ್ಬರದ್ದೂ ಹೋಗ್ತದೆ. ಈಗಾದ್ರೆ ಒಬ್ಬಂದು ಮಾತ್ರ. ಮೊದ್ಲು ಕೂತ್ಕೊಳ್ಳಿ ನೀವು" ಎಂದರು. ಏಸಿ ಓಡುತ್ತಿತ್ತು. ಮೆತ್ತೆಯ ಕುರ್ಚಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ನಾನು, ಮಂಡಿ ಊದಿತ್ತು.

ಕೂತೆ. ಅವರು ಚಹಾ ತರಿಸಿದರು, ಕುಡಿದೆ. ಬೇರೆ ಹುಡುಗರ ಓವರ್‌ಟೈಮಿನ ವಿಷಯ ಮಾತಾಡಿ ಎದ್ದು ಬಂದೆ. ಕಾಗದ ಕಿಸೆಯಲ್ಲೇ ಇತ್ತು.

ಇಬ್ಬರೂ ಹೋಗುವುದಕ್ಕಿಂತ ಒಬ್ಬ ಉಳಿಯುವುದು ಮೇಲು, ಮನೆಗೆ ಅಷ್ಟಾದರೂ ಬರುತ್ತದೆ. ಈ ಮಾತನ್ನು ಅಕ್ಕ ಒಪ್ಪಿಯಾಳು, ನೀನೂ ಒಪ್ಪೀಯೆ. ಆದರೆ ನಿನ್ನ ಹತ್ತಿರ ಸುಳ್ಳು ಹೇಳಿ ಸಾಕಾಗಿದೆ. ಆ ಲೆಕ್ಕ ನನಗೆ ಸರಿ ಎಂದು ಕಂಡದ್ದು ಆಮೇಲೆ, ಚಹಾ ಕುಡಿಯುವಾಗ. ಕೂತದ್ದು ಅದಕ್ಕಿಂತ ಮೊದಲು.

ಭವಿತನಿಗೆ ಇದು ಗೊತ್ತಿಲ್ಲ. ನಾನು ಆಫೀಸಿಗೆ ಹೋಗುವುದನ್ನು ಅವನು ನೋಡಿದ್ದ. ವಾಪಸು ಬಂದಾಗ "ಮಾತಾಡಿದಿರಾ ಮಾವ?" ಎಂದು ಕೇಳಿದ. "ಅವರು ಕೇಳಲಿಲ್ಲ ಮಗಾ" ಎಂದೆ. "ಇರ್ಲಿ ಬಿಡಿ, ನೀವು ಹೋದಿರಲ್ಲ" ಎಂದು ನನ್ನ ಭುಜ ತಟ್ಟಿದ. ಆ ಕೈ ತಾಗಿದ ಜಾಗ ಇನ್ನೂ ಉರಿಯುತ್ತಿದೆ ವಿನಿತಾ. ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ.

ಲೋಕಯ್ಯ

ಕಿನ್ನಿಗೋಳಿ
19 ನವೆಂಬರ್ 2025

ಮಾವಾ,

ಭವಿತ್ ಭಾನುವಾರ ಮಧ್ಯಾಹ್ನ ಬಂದ. ಸಣ್ಣಗಾಗಿದ್ದಾನೆ. ಚೀಲ ಇಡುವ ಮೊದಲೇ ಕಾಗದ ನನ್ನ ಕೈಗೆ ಕೊಟ್ಟ. ಅಮ್ಮ "ಊಟ ಆಮೇಲೆ, ಮೊದಲು ತಮ್ಮ ಎಂತ ಬರೆದಿದ್ದಾನೆ ಓದು" ಎಂದರು. ಶಾಲು ಹೊದ್ದುಕೊಂಡೇ ಕೂತರು. ಭವಿತ್ ಎದುರಿಗೆ ಊಟಕ್ಕೆ ಕೂತಿದ್ದ.

ಮೊದಲ ಹಾಳೆ ಓದಿದೆ. ಎರಡನೆಯದನ್ನು ಮಡಚುತ್ತಿದ್ದೆ. "ಇನ್ನೊಂದು ಹಾಳೆ ಉಂಟಲ್ಲ, ಸದ್ದು ಕೇಳ್ತದೆ ನನಗೆ" ಎಂದರು ಅಮ್ಮ. ಭವಿತನೂ, "ಓದಕ್ಕ, ಮಾವ ಆಫೀಸಿಗೆ ಹೋಗಿ ನನಗೋಸ್ಕರ ಮಾತಾಡಿದ್ದು ಅದರಲ್ಲಿ ಇರ್ಬೇಕು" ಎಂದ.

ನಾನು ಓದಿದೆ. ನನ್ನ ಕಣ್ಣು ನಿಮ್ಮ ಅಕ್ಷರದ ಮೇಲಿತ್ತು, ಬಾಯಿಗೆ ಬಂದದ್ದು ಬೇರೆ. "ಲಾನ್ಸಿ ಸರ್ ಕೂತ್ಕೊಳ್ಳಿ ಎಂದರು, ನಾನು ಕೂರಲಿಲ್ಲ ಅಕ್ಕ. ನಿಂತೇ ಹೇಳಿದೆ, ಬಸ್ಸು ನಿಲ್ಲಿಸಿದ್ದು ನಾನು, ನನ್ನ ಅಳಿಯನಲ್ಲ. ಕಾಗದ ಮೇಜಿನ ಮೇಲಿಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಎಷ್ಟೋ ಹೊತ್ತು ನಿಂತಿದ್ದೆ." ಹೀಗೆ ಓದಿದೆ ಮಾವಾ. ಎಲ್ಲಿಂದ ಬಂತೋ ಗೊತ್ತಿಲ್ಲ.

ಅಮ್ಮ ಅತ್ತರು. "ಸಣ್ಣದಿರುವಾಗ್ಲೂ ಅವ ಹಾಗೇ. ಪೆಟ್ಟು ತಿಂದ್ರೂ ಸುಳ್ಳು ಹೇಳ್ತಿರಲಿಲ್ಲ. ಇನ್ನೊಮ್ಮೆ ಓದು" ಎಂದರು.

ಇನ್ನೊಮ್ಮೆ ಓದಿದೆ. ಮೊದಲ ಸಲ ಹೇಳಿದ್ದೆಲ್ಲ ನೆನಪಿರಲಿಲ್ಲ. ಕಾಗದ ಮೇಜಿನ ಮೇಲಿಟ್ಟೆ ಎಂದಿದ್ದವಳು ಎರಡನೇ ಸಲ ಅವರ ಕೈಗೆ ಕೊಟ್ಟೆ ಎಂದೆ. ಅಮ್ಮನಿಗೆ ಅದು ತಿಳಿಯಲಿಲ್ಲ. ಭವಿತ್ ತುತ್ತು ಹಿಡಿದ ಕೈಯನ್ನು ತಟ್ಟೆಯ ಮೇಲೇ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಹಾಳೆ ನೋಡಿದ. ಎದ್ದು ಕೈ ತೊಳೆಯಲು ಹೋದ. ಮೂರು ದಿನವಾಯಿತು, ಅವನು ನನ್ನನ್ನು ಏನೂ ಕೇಳಿಲ್ಲ. ನಿಮ್ಮ ಹೆಸರನ್ನೂ ಎತ್ತಿಲ್ಲ.

ಅಮ್ಮನಿಗೆ ದಿನಕ್ಕೊಮ್ಮೆ ಅದನ್ನು ಓದಿಸಿಕೊಳ್ಳಬೇಕು. ಅದಕ್ಕೆ ನಿನ್ನೆ ಕೂತು, ನಾನು ಓದಿದ ಹಾಗೆಯೇ ಒಂದು ಹಾಳೆಯಲ್ಲಿ ಬರೆದಿಟ್ಟೆ, ಇನ್ನು ತಪ್ಪಬಾರದಲ್ಲ. ನಿಮ್ಮದನ್ನು ಒಲೆಗೆ ಹಾಕಿದೆ.

ನೀವು ಸದ್ಯಕ್ಕೆ ಕಾಗದ ಬರೆಯಬೇಡಿ ಮಾವಾ. ಅಮ್ಮನಿಗೆ ಫೋನ್ ಮಾಡಿ, ಅವರು ಹೊಗಳಿದರೆ ನೀವೇ ಕೇಳಿಸಿಕೊಳ್ಳಿ. ನನ್ನಿಂದ ಇನ್ನು ಓದಲು ಆಗುವುದಿಲ್ಲ.

ವಿನಿತಾ